ಬಟನ್ ಮೇಲಿನ ಟೇಪು

ಮಾರ್ಚ್ 4
ಬೆಳಗಿನ ಶಿಫ್ಟ್. ಪ್ರೆಸ್ ಮಷಿನ್ ತೊಳೆದಿಟ್ಟಿದ್ದಾರೆ. ರಕ್ತದ ಕಲೆಯೂ ಇಲ್ಲ. ನನ್ನ ಜೊತೆ ಪ್ರೆಸ್ ನಡೆಸುತ್ತಿದ್ದ ಪಟಾಕಿ ಆಸ್ಪತ್ರೆಯಲ್ಲಿ, ಬಲಗೈಯ ನಾಲ್ಕು ಬೆರಳಿಲ್ಲದೆ. ಬಾಯಿ ತೆರೆದರೆ ಸಿಡಿಯುತ್ತಿದ್ದಳು, ಅದಕ್ಕೇ ಆ ಹೆಸರು. ಬಟನ್ ಒತ್ತಿದವಳು ನಾನು. ಈ ಕೈ. ಊಟದ ಡಬ್ಬಿ ತೆರೆಯದೆ ವಾಪಸ್ ತಂದೆ.

ಮಾರ್ಚ್ 7
ಕಂಪನಿಯ ಕೌನ್ಸೆಲರ್ ಮೇಡಂ. ಮೆತ್ತನೆ ಕುರ್ಚಿ, ಮೆತ್ತನೆ ಮಾತು.
"ಇದೇ ತಪ್ಪು ನಿಮ್ಮ ಗೆಳತಿ ಮಾಡಿದ್ರೆ ಹೀಗೆ ಉಗೀತಿದ್ರಾ?"
"ಇಲ್ಲ. ತಬ್ಕೊಳ್ತಿದ್ದೆ."
"ಹಾಗಾದ್ರೆ ನಿಮ್ಮನ್ನೇ ಗೆಳತಿ ಅಂದ್ಕೊಂಡು ಒಂದು ಕಾಗದ ಬರೀರಿ."
ನಗು ಬಂತು. ಬರೆದೆ. 'ಗೆಳತಿ, ತಪ್ಪಿದ್ದು ನಿನ್ನ ಕೈ. ಆದರೂ ನಿನ್ನನ್ನು ಕ್ಷಮಿಸಿದ್ದೇನೆ.' ಎದೆಯ ಕಲ್ಲು ಸರಿಯಿತು. ಹೊಟ್ಟೆ ತುಂಬ ಉಂಡೆ.

ಮಾರ್ಚ್ 11
ಮೇಡಂ ಕಾಗದ ಕೇಳಿದರು. "ಫೈಲ್‌ಗೆ, ಅಷ್ಟೇ." ಕೊಟ್ಟೆ.
ಮನೆಯಲ್ಲಿ ಅತ್ತಿಗೆ ಕೆಂಡವಾದರು. "ಅಲ್ವೇ, ನಿನಗೇ ಬರ್ಕೊಂಡಿದ್ದು ಅವರಿಗ್ಯಾಕೆ? ಮನಸ್ಸಿಗೂ ಕಂಪನಿ ಸೀಲು ಬೇಕಾ?"
ನೀವು ಸುಮ್ಮನಿರಿ ಎಂದೆ...

ಮಾರ್ಚ್ 18
ಪಟಾಕಿಯ ಜಾಗಕ್ಕೆ ಹೊಸ ಹುಡುಗಿ. ಇಬ್ಬರೂ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು — ಅದಕ್ಕೇ ಎರಡು ಬಟನ್. ಅವಳ ಬಟನ್ ಒತ್ತಿಕೊಂಡೇ ಇರಲೆಂದು ಟೇಪ್ ಸುತ್ತಿಟ್ಟಿದ್ದಾರೆ. ಅಂದೂ ಹಾಗೇ ಇತ್ತು; ನಾನೊಬ್ಬಳು ಒತ್ತಿದ್ದೇ ಸಾಕಾಯಿತು. ಸುತ್ತಿದವನು ಸೂಪರ್‌ವೈಸರ್, ಕೆಲಸ ಓಡಲಿ ಅಂತ.
ಹಲ್ಲು ಕಿರಿದ. "ಏನಮ್ಮಾ, 'ತಪ್ಪಿದ್ದು ನಿನ್ನ ಕೈ'... ಚೆನ್ನಾಗಿ ಬರೀತೀಯ. ನಾಡಿದ್ದು ಎನ್‌ಕ್ವೈರೀಲಿ ಅದನ್ನೇ ಓದ್ತೀವಿ."
ಕರುಣೆಯನ್ನೂ ಕದ್ದು ಸಾಕ್ಷಿ ಮಾಡಿಕೊಳ್ಳುವ ಕಳ್ಳರು.

ಮಾರ್ಚ್ 19
ಆಸ್ಪತ್ರೆ. ಪಟಾಕಿ ಬ್ಯಾಂಡೇಜಿನ ಕೈ ಎತ್ತಿದಳು. "ಬಾರೇ. ಇನ್ಮೇಲೆ ಯಾರಿಗೂ ಬೆರಳು ತೋರಿಸೋ ಹಾಗಿಲ್ಲ. ನಿನ್ನ ಬೆರಳೇ ಗತಿ."
ನಕ್ಕೆವು. ನಾನು ಅತ್ತುಬಿಟ್ಟೆ. "ಕ್ಷಮಿಸೇ."
"ಟೇಪ್ ಸುತ್ತಿದ್ದು ನೀನಾ? ನಿನ್ನ ಮೇಲೆ ನಿಂಗೆ ಕರುಣೆ ಇದ್ರೆ, ಮೊದಲು ನಿಂಗೆ ನೀನೇ ಸುಳ್ಳು ಹೇಳೋದು ಬಿಡು."
ಸಂಜೆ ಇನ್ನೊಂದು ಕಾಗದ, ನನಗೇ. 'ಗೆಳತಿ, ನಿನ್ನ ತಪ್ಪು ಒಂದೇ — ಟೇಪ್ ಕಂಡೂ ಬಾಯಿ ಮುಚ್ಚಿದ್ದು. ನೀನು ಹೆದರಿದ್ದೆ. ಯಾರು ಹೆದರೋಲ್ಲ? ನಾಳೆ ಬಾಯಿ ಬಿಡು. ಜೊತೆಗಿದ್ದೇನೆ.'

ಮಾರ್ಚ್ 20, ಬೆಳಗ್ಗೆ 9.40
ಹತ್ತಕ್ಕೆ ಎನ್‌ಕ್ವೈರಿ. ಕಾಗದ ಚೀಲದಲ್ಲಿದೆ. ಬಂದವಳೇ ಟೇಪ್ ಕಿತ್ತೆಸೆದೆ. ನನ್ನ ಬಟನ್‌ಗೆ ಬೇರೆಯವಳನ್ನು ನಿಲ್ಲಿಸಿದ್ದಾರೆ. ಪಕ್ಕದ ಸ್ಟೂಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಹೊಸ ಹುಡುಗಿ ಪ್ರೆಸ್ಸಿನಡಿ ತಗಡು ಸರಿಮಾಡುತ್ತಿದ್ದಾಳೆ.
ಸೂಪರ್‌ವೈಸರ್ ಬಂದ. ಕೈಯಲ್ಲಿ ಹೊಸ ಟೇಪು. ನೇರ ಅವಳ ಬಟನ್ ಕಡೆಗೆ. ಅವಳ ಕೈ ಇನ್ನೂ ಒಳಗೇ —
ಏಳುತ್ತೇನೆ. ಈ ಸಲ ನನ್ನ ಬಾಯಿ