ಸೆರಗಿನ ಗ್ವಾಡಿ

ಅತ್ತೀ,

ಜೋಳ ತಗೊಂಡು ಗಿರಣಿಗೆ ಹೊಂಟೀನಿ, ಒಬ್ಬಾಕಿನ. ಕೆಟ್ಟದ ಅಂತ ನೀವು ಕಪಾಟಿನ ಮ್ಯಾಲೆ ಎತ್ತಿಟ್ಟ ಮಶೀನ್ ತಡಕಾಡಿ ತಗದು ಎದಿಗೆ ಕಟ್ಕೊಂಡೀನಿ.

ಅದು ಕೆಟ್ಟಿಲ್ಲರಿ. ಕಣ್ಣು ಕಾಣದ ನನ್ನಂಥಾಕಿಗೆ ಮುಂದ ಏನರ ಅಡ್ಡ ಬಂದ್ರ ಗುರ್ ಅಂತ ನಡುಗಿ ಹೇಳೋದ ಅದರ ಕೆಲಸ. ನಿನ್ನೆ ನೀವು "ಡಬ್ಬಿ ಮ್ಯಾಲೆ ಸೆರಗು ಹೊಚ್ಕೊ, ಜನ ನೋಡ್ತಾರ" ಅಂದ್ರಿ. ಹೊಚ್ಕೊಂಡೆ. ಹಾದಿತುಂಬ ಒಂದೇ ಸವನ ನಡುಗಿತು. ಮುಂದ ಗ್ವಾಡಿ ಅದ ಅಂತ ತಿಳಕೊಂಡು ನಡು ಚೌಕದಾಗ ನಿಂತಬಿಟ್ಟೆ. ಬಾಜೂಮನಿ ದುರ್ಗಾ ಕೈಹಿಡಿದು ಕರಕೊಂಡು ಬಂದ್ಳು.

ಇವತ್ತ ಮುಂಜಾನೆ ಸೆರಗು ಸರಿಸಿ ಮನ್ಯಾಗ ಅಡ್ಡಾಡಿದೆ, ಗ್ವಾಡಿ ಹತ್ರ ಹೋದಾಗಷ್ಟ ನಡುಗಿತು, ಆಗ ತಿಳೀತು. ನಿನ್ನೆ ನನಗ ಅಡ್ಡ ನಿಂತಿದ್ದ ಗ್ವಾಡಿ ನನ್ನ ಸೆರಗರಿ.

ಇನ್ನ ಮ್ಯಾಲೆ ಮಶೀನ್ ಸೆರಗಿನ ಮ್ಯಾಲೇ ಇರ್ತದ, ಎಲ್ಲಾರಿಗೂ ಕಾಣೋಹಂಗ.

ಹಾಲು ಕಾಸಿಟ್ಟೀನಿ, ಗುಳಿಗಿ ನುಂಗ್ರಿ. ನಿಮ್ಮ ಮಗಗ ಫೋನ್ ಹಚ್ಚಬ್ಯಾಡ್ರಿ. ನನ್ನ ಹಿಂದ ಯಾರನ್ನೂ ಕಳಸಬ್ಯಾಡ್ರಿ. ಅಕ್ಷರ ಒಂದರ ಮ್ಯಾಲೊಂದು ಬಿದ್ದಿದ್ರ ಹೊಂದಿಸಿ ಓದ್ರಿ. ಕಣ್ಣು ಹೋದ್ರೂ ಕೈ ಬರಿಯೋದು ಮರ್ತಿಲ್ಲ.

ಜನ ನೋಡ್ತಾರಂತೀರಿ. ಅವರು ನೋಡ್ಕೋತ ನಿಂದರ್ಲಿ, ನಾ ನಡ್ಕೋತ ಹೋಗ್ತೀನಿ.

ರೊಟ್ಟಿಗೆ ಎಸರಿಡ್ರಿ. ಹಿಟ್ಟು ತಗೊಂಡು ಈಗ ಬರ್ತೀನಿ.

ಮಹಾನಂದಾ