ಹಿಂಗಾಲು ಕೊಟ್ಟ ಕುದುರೆ

ಅಪ್ಪಾ,

ನೀನಿಲ್ಲದ ಮೇಲೆ ಬರೆದೇನು ಪ್ರಯೋಜನ? ಆದರೂ ಇವತ್ತು ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆ ಕೃಷಿ ವ್ಯವಹಾರದ ಪಾಠ ಮುಗಿಸಿ, ಮಧ್ಯಾಹ್ನ ಅಶ್ವ ವಿಜ್ಞಾನದ ಪ್ರಾಯೋಗಿಕ ಪರೀಕ್ಷೆಗೆ ಲಾಯಕ್ಕೆ ಹೋದೆ. ಕುದುರೆಯ ಹಿಂಗಾಲು ಎತ್ತಿ ಗೊರಸು ಶುಚಿ ಮಾಡಿ ತೋರಿಸಬೇಕಿತ್ತು. ಅದು ಕಾಲೂರಿ ನಿಂತುಬಿಟ್ಟಿತು.

“ಏನಮ್ಮ, ಕುದುರೆನೇ ನಿನ್ನ ಪರೀಕ್ಷೆ ಮಾಡ್ತಿದೆಯಾ?” ಎಂದರು ಮೇಷ್ಟ್ರು. ಎಲ್ಲರೂ ನಕ್ಕರು.

ನೀನು ಲಾಳ ಹೊಡೆಯುವಾಗ ಗುನುಗುತ್ತಿದ್ದ ಹಾಡು ತಾನಾಗಿ ಬಾಯಿಗೆ ಬಂತು. ಕುದುರೆ ಕಿವಿ ತಿರುಗಿಸಿ ಕಾಲು ಸಡಿಲ ಬಿಟ್ಟಿತು.

“ಭೇಷ್! ಯಾರು ಕಲಿಸಿದ್ದು?”

“ಯಾರೂ ಇಲ್ಲ ಸರ್, ಸುಮ್ನೆ ಬಂತು.”

ಆಗಿನಿಂದ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತ ಅದನ್ನೇ ಗುನುಗುತ್ತಿದ್ದೇನೆ. ಕೊನೆಯ ಸಾಲು ಮಾತ್ರ ಗೊತ್ತಿಲ್ಲ. ನೀನು ಅಲ್ಲಿಗೆ ಬರುವಷ್ಟರಲ್ಲಿ ನಾನು, ನಿನ್ನ ಹಾಡಿಗೆ ಓದಲಾಗುತ್ತಿಲ್ಲವೆಂದು ಕಿಟಕಿ ಮುಚ್ಚಿರುತ್ತಿದ್ದೆ.