ಹಿತ್ತಲಿಗೆ ಬಿದ್ದ ತಗಡು

೧೩ ನವೆಂಬರ್ ೨೦೨೫, ಗುರುವಾರ. ಗಂಡಸಿ.

ಪಕ್ಕದ ಮನೆಯ ಮುದ್ದಮ್ಮ ಇವತ್ತು ಹಿತ್ತಲ ಬೇಲಿಗೆ ತಗಡು ಹೊಡೆಸಿಬಿಟ್ಟರು. ತೆಂಗಿನಕಾಯಿ ಕಳ್ಳರಿಗೆಂದು ಬೀದಿಯವರೆಲ್ಲ ಸೇರಿ ನಮ್ಮ ಹಿತ್ತಲಲ್ಲಿ ಹಾಕಿಸಿದ ಕ್ಯಾಮೆರಾದಲ್ಲಿ ಅವರ ಬಚ್ಚಲ ಬಾಗಿಲೂ ಕಾಣುತ್ತಿತ್ತು.

“ತಿರುಗಿಸಿದ್ರೆ ಕಾಯಿರಾಶಿ ಕಾಣಲ್ಲ. ಎರಡ್ರಲ್ಲಿ ಒಂದೇ ಆಗೋದು,” ಎಂದಿದ್ದ ಅದನ್ನು ಕೂರಿಸಿದ ಮಧುಕುಮಾರ. ಸಂಜೆ ಅವನೇ ಬಂದು, ಚಿತ್ರದಲ್ಲಿ ಬಚ್ಚಲಷ್ಟನ್ನೇ ಕಪ್ಪು ಮಾಡಬಹುದು, ರಾಶಿ ಕಾಣುತ್ತಲೇ ಇರುತ್ತದೆ ಎಂದ.

“ಮೊದ್ಲೇ ಹೇಳೋಕೇನಾಗಿತ್ತೋ?”

“ಯಾರೂ ಕೇಳ್ಲಿಲ್ವಲ್ಲ ಮೇಷ್ಟ್ರೆ!”

ಕೇಳಬೇಕಿತ್ತೇ? ನಮ್ಮಪ್ಪನ ಕಾಲದ ಗಂಡಸರು ಹಿತ್ತಲ ದಾರಿಯಲ್ಲಿ ಕೆಮ್ಮಿಕೊಂಡೇ ಬರುತ್ತಿದ್ದರು. ಓಡಾಟವೂ ನಡೆಯುತ್ತಿತ್ತು, ಹೆಂಗಸರ ಮಾನವೂ ಉಳಿಯುತ್ತಿತ್ತು. ಅದನ್ನು ಯಾರೂ ಬೇಡಿ ಪಡೆಯಬೇಕಿರಲಿಲ್ಲ.

ಕಪ್ಪು ಮಾಡಿಸಿ, ತಗಡಿನಾಚೆಗೆ ಕೂಗಿ ಹೇಳಿದೆ.

“ಇರ್ಲಿ ಬಿಡಿ ಮೇಷ್ಟ್ರೆ, ತಗಡು ಗಟ್ಟಿಯಾಗೈತೆ,” ಎಂದರು ಮುದ್ದಮ್ಮ.

ದಿನಾ ಬೇಲಿಯ ಮೇಲಿಂದಲೇ ಕರಿಬೇವು ಕೊಡುತ್ತಿದ್ದರು. ನಾಳೆಯಿಂದ ಬೀದಿ ಸುತ್ತಿ, ಅವರ ಮುಂಬಾಗಿಲಲ್ಲಿ ನಿಂತು ಕೇಳಬೇಕು.